ತಾತನ ಮೊದಲ ಮದುವೆ: ಬಳಕೆದಾರರ ಕೈಪಿಡಿ

ಮಾರ್ಟಳ್ಳಿ ಮಾದರಿ. ಹನೂರು, ಕೊಳ್ಳೇಗಾಲದ ಮನೆಗಳಿಗೂ ಹೊಂದುತ್ತದೆ. ಯಳಂದೂರಿನವರಿಗೆ ಮೂರನೆಯ ಹಂತದಲ್ಲಿ ಪ್ರತ್ಯೇಕ ಸೂಚನೆಯಿದೆ. ಮಕ್ಕಳ ಕೈಗೆ ಸಿಗದಂತೆ ಇಡಿ. ದೊಡ್ಡಪ್ಪಂದಿರ ಕೈಗೆ ಸಿಕ್ಕರೆ ತಯಾರಕರು ಜವಾಬ್ದಾರರಲ್ಲ.

ಸರಕಿನ ಪರಿಚಯ

ಅಭಿನಂದನೆಗಳು. ನಿಮ್ಮ ತಾತನಿಗೆ ಅಜ್ಜಿಗಿಂತ ಮುಂಚೆ ಇನ್ನೊಂದು ಮದುವೆಯಾಗಿತ್ತೆಂಬ ಅನುಮಾನ ನಿಮಗೆ ಬಂದಿದೆ. ಬಂದದ್ದು ಯಾವುದೋ ಸಾವಿನ ಮನೆಯಲ್ಲಿ, ಇಲ್ಲವೇ ಆಸ್ತಿ ಭಾಗದ ಪಂಚಾಯಿತಿಯಲ್ಲಿ ಇರಬೇಕು. ಈ ಸರಕು ಸಿಗುವುದು ಆ ಎರಡು ಕಡೆಯೇ. ಯಾರೋ ಮುದುಕಿ "ಅವ್ಳಿದ್ದಿದ್ರ ಇವನ ಬಾಳೇ ಬ್ಯಾರೆ ಆಗದು" ಅಂದಳು, ಪಕ್ಕದಲ್ಲಿದ್ದವಳು ಅವಳ ತೊಡೆ ಜಿಗುಟಿದಳು, ಜಿಗುಟಿದ್ದನ್ನು ನೀವು ನೋಡಿಬಿಟ್ಟಿರಿ. ಇನ್ನು ನಿದ್ದೆ ಬರುವ ಮಾತಿಲ್ಲ.

ಗುಟ್ಟಿನ ಗಾತ್ರದ ಬಗ್ಗೆ ಮೊದಲೇ ಎಚ್ಚರಿಸುತ್ತೇವೆ. ನಮ್ಮ ಕಡೆಯ ಮೊದಲ ಮದುವೆಗಳಲ್ಲಿ ಸಿನಿಮಾ ಕಥೆ ಸಿಗುವುದು ಅಪರೂಪ. ಮೀಸೆ ಮೂಡದ ಹುಡುಗನಿಗೆ ಇನ್ನೂ ಎಳೆಯ ಹುಡುಗಿಯನ್ನು ತಂದರು. ಅವಳು ಮೊದಲ ಹೆರಿಗೆಯಲ್ಲೋ ಕಾಡುಜ್ವರದಲ್ಲೋ ಹೋದಳು. ವರ್ಷ ತುಂಬುವುದರೊಳಗೆ ದೀಪ ಹಚ್ಚುವವಳು ಬೇಕೆಂದು ಇನ್ನೊಬ್ಬಳು ಬಂದಳು. ಹೊಸಬಳ ಮುಂದೆ ಹಳಬಳ ಮಾತು ಎತ್ತುವುದು ಬೇಡವೆಂದು ದೊಡ್ಡವರು ಒಪ್ಪಂದ ಮಾಡಿಕೊಂಡರು. ಒಪ್ಪಂದ ಮಾಡಿಕೊಂಡವರು ಸತ್ತರು, ಒಪ್ಪಂದ ಬದುಕಿತು. ನಿಮ್ಮ ಮನೆಯ ಗುಟ್ಟೂ ಬಹುಶಃ ಇಷ್ಟೇ. ಇದರಿಂದ ನಿರಾಸೆಯಾಗುವುದಾದರೆ ಕೈಪಿಡಿಯನ್ನು ಇಲ್ಲಿಗೇ ಮುಚ್ಚಿ ಧಾರಾವಾಹಿ ನೋಡಬಹುದು.

ಬಳಸುವ ಮುನ್ನ

ಒಂದು: ಏಕೆ ಹುಡುಕುತ್ತಿದ್ದೀರೆಂದು ನಿಮಗೆ ನೀವೇ ಹೇಳಿಕೊಳ್ಳಿ. ಬಳಕೆದಾರರಲ್ಲಿ ಮೂರು ಬಗೆ. ಜಮೀನಿಗೆ ಇನ್ನೊಬ್ಬ ಪಾಲುದಾರ ಇದ್ದಾನೋ ಎಂದು ಹೆದರಿ ಹುಡುಕುವವರು, ತಾವೇ ಆ ಪಾಲುದಾರರೆಂದು ಹುಡುಕುವವರು, ಸುಮ್ಮನೆ ಹುಡುಕುವವರು. ಊರಿನವರು ಮೊದಲ ಇಬ್ಬರನ್ನು ಅರ್ಥ ಮಾಡಿಕೊಳ್ಳುತ್ತಾರೆ. ಮೂರನೆಯವರನ್ನು ಯಾರೂ ನಂಬುವುದಿಲ್ಲ.

ಎರಡು: ನೀವು ಎರಡನೆಯ ಮದುವೆಯ ಮೊಮ್ಮಗ ಎಂಬುದನ್ನು ಮರೆಯಬೇಡಿ. ತಾತನ ಕಾಲದಲ್ಲಿ ಮಾರ್ಟಳ್ಳಿಯಿದ್ದ ಕೊಳ್ಳೇಗಾಲ ತಾಲ್ಲೂಕು ಮದರಾಸಿಗೆ ಸೇರಿತ್ತು. ಹೆಂಡತಿ ಬದುಕಿರುವಾಗ ಹಿಂದೂ ಗಂಡಸು ಇನ್ನೊಬ್ಬಳನ್ನು ಕಟ್ಟಿಕೊಳ್ಳಕೂಡದೆಂದು ಮದರಾಸು 1949ರಲ್ಲೇ ಕಾನೂನು ಮಾಡಿತು. ದೇಶಕ್ಕೆಲ್ಲ ಆ ಮಾತು ಬಂದದ್ದು 1955ರ ಹಿಂದೂ ವಿವಾಹ ಕಾಯ್ದೆಯಿಂದ. ತಾತನ ಎರಡೂ ಮದುವೆ 1949ಕ್ಕೆ ಮುಂಚಿನವಾದರೆ ಕಾನೂನಿಗೆ ತಕರಾರಿಲ್ಲ. ಎರಡನೆಯದು ಆಮೇಲಿನದಾಗಿ, ಆಗ ಮೊದಲನೆಯವಳು ಬದುಕಿದ್ದರೆ, ತಕರಾರಿನ ಹೆಂಡತಿ ನಿಮ್ಮ ಅಜ್ಜಿ, ತಕರಾರಿನ ಮೊಮ್ಮಗ ನೀವು. ಹೆದರಬೇಡಿ. 1955ರ ಕಾಯ್ದೆಯ ಪ್ರಕಾರ ಸಿಂಧುವಲ್ಲದ ಮದುವೆಯಲ್ಲಿ ಹುಟ್ಟಿದ ಮಕ್ಕಳಿಗೂ ಒಟ್ಟು ಕುಟುಂಬದ ಆಸ್ತಿಯೊಳಗಿನ ತಂದೆತಾಯಿಯ ಪಾಲಿನಲ್ಲಿ ಹಕ್ಕಿದೆ ಎಂದು ಸುಪ್ರೀಂ ಕೋರ್ಟು 2023ರ ಸೆಪ್ಟೆಂಬರ್ 1ರಂದು ಹೇಳಿದೆ. ರೇವಣಸಿದ್ದಪ್ಪ ವಿರುದ್ಧ ಮಲ್ಲಿಕಾರ್ಜುನ ಎಂಬ ಆ ಮೊಕದ್ದಮೆ ಹೋದದ್ದೂ ನಮ್ಮ ಕರ್ನಾಟಕದಿಂದಲೇ.

ಬೇಕಾಗುವ ಸಾಮಗ್ರಿ

ಗೆರೆ ಹಾಕಿದ ನೋಟುಪುಸ್ತಕ ಒಂದು. ಸೀಸದಕಡ್ಡಿ ಎರಡು (ಹಳೆಯ ದಫ್ತರದ ಹತ್ತಿರ ಶಾಯಿ ಒಯ್ಯಬಾರದು). ಟಾರ್ಚು. ಎಲೆ, ಅಡಿಕೆ, ಹೊಗೆಸೊಪ್ಪು, ಸಾಕ್ಷಿದಾರರ ವಯಸ್ಸಿಗೆ ತಕ್ಕಷ್ಟು. ತಮಿಳು ಓದಬಲ್ಲ ಒಬ್ಬರು, ಲ್ಯಾಟಿನ್ ಓದಬಲ್ಲ ಒಬ್ಬರು. ಮಾರ್ಟಳ್ಳಿಯಲ್ಲಿ ಮನೆಮಾತು ಬಹುಮಟ್ಟಿಗೆ ತಮಿಳು, ಶಾಲೆಯ ಮಾತು ಕನ್ನಡ, ಕ್ಯಾಥೊಲಿಕ್ ಚರ್ಚಿನ ಹಳೆಯ ದಫ್ತರಗಳು ಸಾಮಾನ್ಯವಾಗಿ ಲ್ಯಾಟಿನ್ನಿನವು, ಆಗಿನ ಸರ್ಕಾರದ ಕಾಗದ ಇಂಗ್ಲಿಷಿನದು. ಒಂದು ಮದುವೆಯನ್ನು ಮುಚ್ಚಿಡಲು ನಾಲ್ಕು ಭಾಷೆ ಬೇರೆ ಯಾವ ಊರಿಗೂ ಇಷ್ಟು ಸುಲಭವಾಗಿ ಒದಗಿರಲಾರದು.

ಡಬ್ಬಿಯಲ್ಲಿ ಎಂಜಲು ಕಳಿಸಿ ಡಿಎನ್‌ಎ ಪರೀಕ್ಷೆ ಮಾಡಿಸುವ ಸಲಕರಣೆ ಇದರೊಂದಿಗೆ ಬರುವುದಿಲ್ಲ. ಅಕ್ಕನ ಮಗಳನ್ನು ತಮ್ಮನಿಗೆ, ತಂಗಿಯ ಮಗನನ್ನು ಅಣ್ಣನ ಮಗಳಿಗೆ ತಲೆಮಾರುಗಟ್ಟಲೆ ತಂದುಕೊಂಡಿರುವ ನಮ್ಮ ಮನೆಗಳಲ್ಲಿ ಆ ಪರೀಕ್ಷೆ ದೂರದವರನ್ನೂ ಹತ್ತಿರದವರೆಂದೇ ತೋರಿಸುತ್ತದೆ. ಮೇಲಾಗಿ, ಮಕ್ಕಳಿಲ್ಲದೆ ಸತ್ತವಳನ್ನು ಯಾವ ರಕ್ತವೂ ತೋರಿಸಿಕೊಡುವುದಿಲ್ಲ.

ಹಂತ 1: ಅಟ್ಟ ಹತ್ತಿ

ಮೊದಲು ಪಾತ್ರೆಗಳನ್ನು ಇಳಿಸಿ. ಹಿತ್ತಾಳೆ ಕೊಳಗ, ತಾಮ್ರದ ಹಂಡೆ, ಕಂಚಿನ ತಟ್ಟೆ. ತವರಿನವರು ಕೊಟ್ಟ ಪಾತ್ರೆಯ ಅಂಚಿನಲ್ಲಿ ಹೆಸರು ಕೊರೆಸುವುದು ಇಲ್ಲಿನ ರೂಢಿ. ಹುಣಸೆಹಣ್ಣು ಹಾಕಿ ಉಜ್ಜಿ. ಹೆಸರಿನ ಮೊದಲಕ್ಷರ ಅಜ್ಜಿಯ ಅಪ್ಪನದಲ್ಲವಾದರೆ, ಮುತ್ತಜ್ಜಿಯ ಅಪ್ಪನದೂ ಅಲ್ಲವಾದರೆ, ಅಲ್ಲಿಗೆ ಒಂದು ಹುಡುಗಿ ನಿಮ್ಮ ಮನೆಗೆ ಬಂದದ್ದು ನಿಜ. ಗಂಡನ ಮನೆಯವರು ಹೆಂಡತಿಯನ್ನು ಮರೆತರೂ ಅವಳ ಹಂಡೆಯನ್ನು ವಾಪಸು ಕಳಿಸುವುದಿಲ್ಲ. ನಿಮ್ಮ ಅಪ್ಪ ಹುಟ್ಟಿದಾಗ ನೀರು ಕಾಯಿಸಿದ್ದು ಬಹುಶಃ ಅದರಲ್ಲೇ.

ಆಮೇಲೆ ಮುಯ್ಯಿ ಲೆಕ್ಕದ ಪುಸ್ತಕ. ಯಾರ ಮದುವೆಗೆ ಯಾರು ಎಷ್ಟು ಇಟ್ಟರೆಂದು ಬರೆದಿಡುವ ಈ ನೋಟುಪುಸ್ತಕದಷ್ಟು ಪ್ರಾಮಾಣಿಕ ಇತಿಹಾಸಗ್ರಂಥ ನಮ್ಮ ಸೀಮೆಯಲ್ಲಿ ಇನ್ನೊಂದಿಲ್ಲ. ವಂಶಾವಳಿಯಲ್ಲಿ ಮಾನ ಉಳಿಸಲು ಹೆಸರು ಬಿಡಬಹುದು, ಮುಯ್ಯಿಯಲ್ಲಿ ಬಿಟ್ಟರೆ ಎರಡು ರೂಪಾಯಿ ನಷ್ಟ. ನಿಮ್ಮ ಮನೆಯಲ್ಲಿ ಪುಸ್ತಕ ಇಲ್ಲದಿದ್ದರೆ ನೆಂಟರ ಮನೆಯದನ್ನು ನೋಡಿ. ಒಬ್ಬನೇ ಗಂಡಿನ ಹೆಸರಿಗೆ ನಾಲ್ಕೈದು ವರ್ಷದ ಅಂತರದಲ್ಲಿ ಎರಡು ಸಲ ಮುಯ್ಯಿ ಬಿದ್ದಿದ್ದರೆ ಹಂತ 1 ಮುಗಿಯಿತು.

ಹಂತ 2: ತಾತನ ತಂಗಿಯ ಬಳಿ ಕೂರಿ

ನಿಮ್ಮ ಅಪ್ಪನನ್ನು ಕೇಳಬೇಡಿ. ಅವರಿಗೆ ಗೊತ್ತಿಲ್ಲ, ಗೊತ್ತಿದ್ದರೆ ಹೇಳುವುದಿಲ್ಲ, ಹೇಳಿದರೆ ತಪ್ಪು ಹೇಳುತ್ತಾರೆ. ತಾತನ ತಂಗಿ ಬದುಕಿದ್ದರೆ ಎಲೆಅಡಿಕೆ ಹಿಡಿದು ಅವರಲ್ಲಿಗೆ ಹೋಗಿ. ನೇರವಾಗಿ ಕೇಳುವುದು ನಿಷಿದ್ಧ. ಸರಿಯಾದ ವಿಧಾನ ಹೀಗಿದೆ:

"ಅಜ್ಜಿ, ತಾತನ ಮದ್ವಲಿ ನೀವು ಎಷ್ಟು ಚಿಕ್ಕೋರು?"

"ಯಾವ ಮದ್ವಲಿ?"

ಇಲ್ಲಿಗೆ ನಿಲ್ಲಿಸಿ. ಉತ್ತರ ಸಿಕ್ಕಿದೆ. ಮುಂದಿನ ಪ್ರಶ್ನೆ ಕೇಳಿದರೆ ಅವರಿಗೆ ತಾವು ಏನು ಹೇಳಿಬಿಟ್ಟೆವೆಂದು ಅರಿವಾಗಿ "ಹಳೇದೆಲ್ಲ ಯಾಕ ಮಗ, ಉಣ್ಣು ಬಾ" ಅನ್ನುತ್ತಾರೆ. ಉಂಡು ಬನ್ನಿ. ಇನ್ನೊಂದು ದಿನ ಹೋಗಿ ಮೊದಲು ಹೆಣ್ಣು ತಂದ ಊರು ಯಾವುದು, ಆ ಊರಿನ ಜಾತ್ರೆಗೆ ನಮ್ಮ ಮನೆಯವರು ಹೋಗುವುದನ್ನು ಬಿಟ್ಟದ್ದು ಯಾವಾಗ ಎಂದು ಕೇಳಿ. ವ್ಯಕ್ತಿಯ ಬಗ್ಗೆ ಬಾಯಿ ಬಿಡದವರು ಊರಿನ ಬಗ್ಗೆ ಧಾರಾಳವಾಗಿ ಬೈಯುತ್ತಾರೆ.

ಎರಡು ಸುಳಿವುಗಳನ್ನು ವಿಶೇಷವಾಗಿ ಗಮನಿಸಿ. ಅಜ್ಜಿಗೆ ಒಬ್ಬ ಅಕ್ಕ ಇದ್ದಳು, ಚಿಕ್ಕ ವಯಸ್ಸಿಗೇ ತೀರಿಕೊಂಡಳು ಎಂದು ಎಲ್ಲರೂ ಹೇಳಿ, ಅವಳನ್ನು ಯಾರಿಗೆ ಕೊಟ್ಟಿತ್ತೆಂದು ಮಾತ್ರ ಯಾರೂ ಹೇಳದಿದ್ದರೆ, ಕೊಟ್ಟದ್ದು ನಿಮ್ಮ ತಾತನಿಗೇ ಇರಬಹುದು. ಅಕ್ಕ ಸತ್ತ ಮನೆಗೆ ತಂಗಿಯನ್ನು ಕೊಡುವುದು ಅಪರೂಪವೇನಲ್ಲ. ಕೂಸಿದ್ದರಂತೂ ಆ ಕೂಸಿಗಾಗಿಯೇ ಕೊಡುತ್ತಿದ್ದರು. ಎರಡನೆಯ ಸುಳಿವು ನಿಮ್ಮ ದೊಡ್ಡತ್ತೆಯ ಹೆಸರು. ಕೆಲವು ಮನೆಗಳಲ್ಲಿ ಎರಡನೆಯವಳ ಮೊದಲ ಮಗಳಿಗೆ ಸತ್ತ ಮೊದಲನೆಯವಳ ಹೆಸರಿಡುತ್ತಾರೆ. ನೀವು ಹುಡುಕುತ್ತಿರುವ ಹೆಸರನ್ನು ಕೂಗಿಯೇ ನಿಮಗೆ ಊಟಕ್ಕೆ ಬಡಿಸಿರಬಹುದು.

ಹಂತ 3: ತಾತ ಯಾವ ಸರ್ಕಾರದಲ್ಲಿ ಮದುವೆಯಾದರು?

ಮನೆ ಕದಲದೆ ಜಿಲ್ಲೆ, ರಾಜ್ಯ ಬದಲಿಸುವುದು ಹೇಗೆಂದು ಮಾರ್ಟಳ್ಳಿಯವರನ್ನು ಕೇಳಬೇಕು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಈ ಸೀಮೆ ಇಂಗ್ಲಿಷರ ಕೊಯಮತ್ತೂರಿಗೆ ಹೋಯಿತು. 1956ರ ನವೆಂಬರ್ 1ರಂದು ಕೊಳ್ಳೇಗಾಲ ತಾಲ್ಲೂಕು ಮದರಾಸು ರಾಜ್ಯ ಬಿಟ್ಟು ಮೈಸೂರು ರಾಜ್ಯದ ಮೈಸೂರು ಜಿಲ್ಲೆಗೆ ಬಂತು. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು. 1997ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು. ಆಮೇಲೆ ಹನೂರು ತಾಲ್ಲೂಕು ಬೇರೆಯಾಯಿತು. ತಾತ 1940ರಲ್ಲಿ ಮದುವೆಯಾಗಿದ್ದರೆ ಅದರ ಸರ್ಕಾರಿ ಕಾಗದ ಚಾಮರಾಜನಗರದ ಕಚೇರಿಯಲ್ಲಿ ಇರಲೇಬೇಕೆಂಬ ಕಡ್ಡಾಯವಿಲ್ಲ. ಕೊಯಮತ್ತೂರಿನಲ್ಲಿ ಕೇಳಬೇಕಾಗಬಹುದು, ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರದವರೆಗೂ ಹೋಗಬೇಕಾಗಬಹುದು. ಅಲ್ಲಿನವರು "ಕೊಳ್ಳೇಗಾಲವಾ? ಅದು ಕರ್ನಾಟಕ ಅಲ್ಲವೇ?" ಅಂದರೆ ನಗಬೇಡಿ. 1956 ಎಂದಷ್ಟೇ ಹೇಳಿ.

ಯಳಂದೂರಿನವರಿಗೆ ಸೂಚನೆ: ನಿಮ್ಮದು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಸಿಕ್ಕ ಜಹಗೀರು, ಮೈಸೂರು ಸಂಸ್ಥಾನದ ಭಾಗ. ಪಕ್ಕದ ಕೊಳ್ಳೇಗಾಲದಿಂದ ಹೆಣ್ಣು ತಂದಿದ್ದರೆ ಅದು ಅಂದಿನ ಲೆಕ್ಕಕ್ಕೆ ಹೊರನಾಡಿನ ಸಂಬಂಧ, ಎರಡು ಕಡೆ ಹುಡುಕಬೇಕು.

ಕಾಗದದಲ್ಲಿರುವ ವಯಸ್ಸನ್ನು ನಂಬಬೇಡಿ. ಶಾರದಾ ಕಾಯ್ದೆ ಎಂದು ಹೆಸರಾದ ಬಾಲ್ಯವಿವಾಹ ತಡೆ ಕಾಯ್ದೆ 1929ರಲ್ಲಿ ಪಾಸಾಗಿ 1930ರ ಏಪ್ರಿಲ್ 1ರಂದು ಜಾರಿಗೆ ಬಂತು. ಹೆಣ್ಣಿಗೆ 14, ಗಂಡಿಗೆ 18 ತುಂಬಿರಬೇಕೆಂದಿತು. ನಡುವಿನ ಆರು ತಿಂಗಳಲ್ಲಿ ಬ್ರಿಟಿಷ್ ಇಂಡಿಯಾದಾದ್ಯಂತ ತೊಟ್ಟಿಲ ಮಕ್ಕಳವರೆಗೆ ಅವಸರದ ಮದುವೆಗಳು ನಡೆದವು. ಕೊಳ್ಳೇಗಾಲವೂ ಬ್ರಿಟಿಷ್ ಇಂಡಿಯಾದಲ್ಲೇ ಇತ್ತು. ಮೈಸೂರು ಸಂಸ್ಥಾನದಲ್ಲಿ 1894ರಿಂದ ಬೇರೆಯೇ ಕಾನೂನು: 8 ತುಂಬದ ಹೆಣ್ಣುಮಗುವಿಗೆ ಮದುವೆ ಕೂಡದು, 50 ದಾಟಿದವನು 14ರೊಳಗಿನವಳನ್ನು ಕಟ್ಟಿಕೊಳ್ಳಕೂಡದು. ತಾತನ ಮೊದಲ ಮದುವೆ 1930ರ ಆಸುಪಾಸಿನದಾದರೆ ಅದು ಇಬ್ಬರು ಮಕ್ಕಳ ನಡುವೆ ನಡೆದದ್ದು. ನಿಮ್ಮ ಅನುಮಾನದಲ್ಲಿರುವ ಶೃಂಗಾರವನ್ನು ಅಷ್ಟರ ಮಟ್ಟಿಗೆ ಕಡಿಮೆ ಮಾಡಿಕೊಳ್ಳಿ.

ಹಂತ 4: ಚರ್ಚಿನ ದಫ್ತರ

ಮಾರ್ಟಳ್ಳಿಯ ಕ್ಯಾಥೊಲಿಕ್ ಮನೆಯವರು ನೀವಾದರೆ ಅದೃಷ್ಟವಂತರು. ಮದುವೆಗಳನ್ನು ದಫ್ತರದಲ್ಲಿ ಬರೆದಿಡಬೇಕೆಂದು ಟ್ರೆಂಟ್ ಮಹಾಸಭೆ 1563ರಲ್ಲೇ ಅಪ್ಪಣೆ ಮಾಡಿತು. 19ನೆಯ ಶತಮಾನದಲ್ಲಿ ಕೊಯಮತ್ತೂರು, ಮೈಸೂರು ಎರಡೂ ಕಡೆ ಕೆಲಸ ಮಾಡಿದ ಪ್ಯಾರಿಸ್ ವಿದೇಶಿ ಮಿಶನ್ನಿನ ಪಾದ್ರಿಗಳು ಬರೆಯುವ ಅಭ್ಯಾಸದವರು. ಹಬ್ಬವಿಲ್ಲದ, ಮದುವೆಯಿಲ್ಲದ ದಿನ ನೋಡಿ ಹೋಗಿ. ಉಪದೇಶಿಯವರ ಮೂಲಕ ಫಾದರಿಗೆ ಒಂದು ಕಾಗದ ಬರೆದುಕೊಡಿ. ದಫ್ತರ ತೋರಿಸುವುದು ಅವರ ಉಪಕಾರ, ನಿಮ್ಮ ಹಕ್ಕಲ್ಲ. ಹಾಳೆ ತಿರುಗಿಸಲು ಬೆರಳಿಗೆ ಎಂಜಲು ಹಚ್ಚಬೇಡಿ.

ನೋಡಬೇಕಾದ ಕ್ರಮ ಹೀಗೆ. ಮೊದಲು ತಾತ ಅಜ್ಜಿಯ ಮದುವೆಯ ದಾಖಲೆ. ತಾತನ ಹೆಸರಿನ ಪಕ್ಕ 'ವಿದುವುಸ್' ಎಂದಿದ್ದರೆ ಅವರು ಆಗಲೇ ಹೆಂಡತಿ ಕಳೆದುಕೊಂಡವರು. ಬರೆದ ಪಾದ್ರಿ ಜಾಗರೂಕನಾಗಿದ್ದರೆ ಸತ್ತವಳ ಹೆಸರೂ ಅಲ್ಲೇ ಇರುತ್ತದೆ. ವಿನಾಯಿತಿಯ ಟಿಪ್ಪಣಿ ಇದ್ದರೆ ಓದಿಸಿ. ರಕ್ತಸಂಬಂಧಕ್ಕೆ ಒಂದು ವಿನಾಯಿತಿ, ಹೆಂಡತಿಯ ಕಡೆಯ ನಂಟಿಗೆ ಇನ್ನೊಂದು. ಎರಡನೆಯದು ಸಿಕ್ಕರೆ ಅಜ್ಜಿಯ ಆ ಅಕ್ಕನ ಕಥೆ ಗಟ್ಟಿಯಾಯಿತು.

ಆಮೇಲೆ ತಾತನ ಜ್ಞಾನಸ್ನಾನದ ದಾಖಲೆಗೆ ಹೋಗಿ ಅಂಚನ್ನು ನೋಡಿ. 1908ರಿಂದ ಜಾರಿಗೆ ಬಂದ ರೋಮಿನ ನಿಯಮದಂತೆ ಮದುವೆಯಾದವರ ಜ್ಞಾನಸ್ನಾನದ ದಾಖಲೆಯ ಬದಿಯಲ್ಲೇ ಆ ಮದುವೆಯನ್ನೂ ಗುರುತು ಹಾಕಬೇಕು. ಬೇರೆ ಊರಿನ ಚರ್ಚಿನಲ್ಲಿ ಮದುವೆಯಾದರೆ ಅಲ್ಲಿನ ಪಾದ್ರಿ ಹುಟ್ಟೂರಿನ ಚರ್ಚಿಗೆ ತಿಳಿಸಬೇಕು. ತಾತ ಯಾವ ಊರಿಗೆ ಓಡಿಹೋಗಿ ಯಾರ ಕೈ ಹಿಡಿದಿದ್ದರೂ ಸುದ್ದಿ ಅವರ ತೊಟ್ಟಿಲಿನ ದಿನದ ಪುಟಕ್ಕೆ ಬಂದು ಸೇರಬೇಕು, ಪಾದ್ರಿಗಳಿಬ್ಬರೂ ಸೋಮಾರಿಗಳಲ್ಲದಿದ್ದರೆ.

ಮೂರನೆಯದು ಸಮಾಧಿಯ ದಫ್ತರ. ಹಾಗೆಯೇ ನವೆಂಬರ್ 2ರಂದು, ಸತ್ತವರ ಹಬ್ಬದ ಸಂಜೆ, ಸಮಾಧಿ ತೋಟದಲ್ಲಿ ಒಂದು ಬದಿಗೆ ನಿಲ್ಲಿ. ನಿಮ್ಮ ಮನೆಯ ಮೇಣದಬತ್ತಿಗಳೆಲ್ಲ ಗೊತ್ತಿರುವ ಗೋರಿಗಳಿಗೆ ಹಂಚಿಹೋದ ಮೇಲೆ ತಾತನ ತಂಗಿ ಸೆರಗಿನಿಂದ ಒಂದನ್ನು ತೆಗೆದು ಮೂಲೆಯ ಮಣ್ಣುದಿಬ್ಬದ ಕಡೆ ಹೋಗುತ್ತಾರೋ ನೋಡಿ. ಹಿಂಬಾಲಿಸಬೇಡಿ. ಜಾಗ ನೆನಪಿಟ್ಟುಕೊಳ್ಳಿ.

ಒಂದು ತೊಡಕು: ಆರೋಗ್ಯಸಾಮಿ, ಸವರಿಯಪ್ಪ, ಅಂತೋಣಿಸಾಮಿ, ಚಿನ್ನಪ್ಪ ಎಂಬ ಹೆಸರುಗಳು ಪ್ರತಿ ಪುಟದಲ್ಲೂ ಸಿಗುತ್ತವೆ. ತಂದೆಯ ಹೆಸರು, ಊರು, ಸಾಕ್ಷಿಗಳು, ಮೂರೂ ಹೊಂದದೆ ಯಾರನ್ನೂ ತಾತ ಎಂದು ಒಪ್ಪಬೇಡಿ. ಪಕ್ಕದ ಮನೆಯ ತಾತನಿಗೆ ಎರಡನೆಯ ಹೆಂಡತಿಯನ್ನು ಗಂಟುಹಾಕಿ ಬಂದರೆ ಆ ಜಗಳಕ್ಕೆ ಈ ಕೈಪಿಡಿಯಲ್ಲಿ ಪರಿಹಾರವಿಲ್ಲ.

ಗುಟ್ಟು ಅನ್ನುತ್ತೀರಲ್ಲ, ಆ ಮದುವೆಗೂ ಮುಂಚೆ ಮೂರು ಭಾನುವಾರ ಪೂಜೆಯಲ್ಲಿ ಓಲೆ ಓದಿ, ತಡೆಯುಂಟೆ ಎಂದು ಊರನ್ನೆಲ್ಲ ಕೇಳಿರುತ್ತಾರೆ. ಮೂರು ವಾರ ಊರೆಲ್ಲ ಕೇಳಿಸಿಕೊಂಡದ್ದನ್ನು ಮೂರು ತಲೆಮಾರು ಊರೆಲ್ಲ ಸೇರಿ ಕೇಳಿಯೇ ಇಲ್ಲವೆಂದದ್ದು. ಅದಕ್ಕೆ ಗುಟ್ಟೆಂದು ಹೆಸರು.

ಹಂತ 5: ದಫ್ತರವಿಲ್ಲದ ಮನೆಗಳಿಗೆ

ಮಾದೇಶ್ವರನ ಒಕ್ಕಲಿನ ಮನೆಯವರಿಗೆ ಅಂಚಿನ ಟಿಪ್ಪಣಿ ಇಲ್ಲ, ಆದರೆ ಎಡೆ ಇದೆ. ಹಿರಿಯರ ಹಬ್ಬದಲ್ಲಿ ಸತ್ತವರ ಹೆಸರಿಗೆ ಇಟ್ಟ ಬಟ್ಟೆಗಳನ್ನು ಎಣಿಸಿ. ಮುತ್ತಜ್ಜಿಗೊಂದು ಸೀರೆ, ಅಜ್ಜಿಗೊಂದು ಸೀರೆ, ಅಲ್ಲಿಗೆ ಎರಡು. ಮೂರನೆಯ ಸೀರೆ ಯಾರದು? ಅದರ ಜೊತೆ ಬಳೆ, ಅರಿಸಿನ, ಕುಂಕುಮ ಇದ್ದರೆ ಅದು ಮುತ್ತೈದೆಯಾಗಿ ಸತ್ತವಳದು, ಅಂದರೆ ಗಂಡ ಬದುಕಿರುವಾಗಲೇ ಹೋದವಳದು. ಬಾಯಲ್ಲಿ ಹೇಳದ ಹೆಸರಿಗೆ ನಮ್ಮವರು ವರ್ಷಕ್ಕೊಮ್ಮೆ ಊಟ ಬಡಿಸುತ್ತಾರೆ. ಮರೆಯಲು ಧೈರ್ಯವಿಲ್ಲ, ಹೇಳಲು ಮನಸ್ಸಿಲ್ಲ.

ಅಜ್ಜಿಯ ಮದುವೆ ಧಾರೆಯದೋ ಕೂಡಿಕೆಯದೋ ವಿಚಾರಿಸಿ. ಹಳೆಯ ಮೈಸೂರಿನ ಹಲವು ಜಾತಿಗಳಲ್ಲಿ ಹೆಣ್ಣಿಗೆ ಧಾರೆ ಒಂದೇ ಸಲ. ಗಂಡ ಸತ್ತವಳು, ಬಿಟ್ಟವಳು ಮತ್ತೆ ಮನೆ ಸೇರುವುದು ಕೂಡಿಕೆಯಿಂದ. ಗದ್ದಲವಿಲ್ಲ, ಹಂದರವಿಲ್ಲ. ಅಜ್ಜಿಯದು ಕೂಡಿಕೆ ಎಂದು ತಿಳಿದರೆ ಹುಡುಕಾಟದ ದಿಕ್ಕೇ ಬದಲಾಯಿತು. ಮೊದಲ ಮದುವೆಯ ಗುಟ್ಟು ತಾತನದಲ್ಲ, ಅಜ್ಜಿಯದು. ಇದನ್ನು ಓದುವಾಗ ನಿಮ್ಮ ಮುಖ ಬದಲಾಗಿದ್ದರೆ ಗಮನಿಸಿ. ತಾತನದೆಂದಾಗ ಸ್ವಾರಸ್ಯವಾಗಿದ್ದ ಸುದ್ದಿ ಅಜ್ಜಿಯದೆಂದಾಗ ಕಹಿಯಾಗುವುದು ಉಪಕರಣದ ದೋಷವಲ್ಲ, ಬಳಕೆದಾರರದು.

ಹೆಳವರು ಬರುವ ಮನೆತನ ನಿಮ್ಮದಾದರೆ ಕಾಯಿರಿ. ವಂಶಾವಳಿ ಹೇಳುವುದೇ ಅವರ ಕುಲಕಸುಬು. ಕೆಲವು ವರ್ಷಕ್ಕೊಮ್ಮೆ ಬಂದು, ಮುತ್ತಾತನಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಹೆಸರು ಹೇಳಿ, ಕಾಳು ಕಾಸು ಪಡೆದು ಹೋಗುತ್ತಾರೆ. ಕೊಡುವುದನ್ನು ಕೊಟ್ಟು ಗೌರವದಿಂದ ಕೇಳಿ. ಜಗಲಿಯ ಮೇಲೆ ಎಲ್ಲರ ಮುಂದೆ ಹೇಳಿಸಬೇಡಿ.

ಹಂತ 6: ನಾಡಕಚೇರಿ

ತಾತನ ಹೆಸರಿನ ಜಮೀನು ಪೌತಿ ಖಾತೆಯಾಗಬೇಕಾದರೆ ವಂಶವೃಕ್ಷ ಬೇಕು. ವಂಶವೃಕ್ಷಕ್ಕೆ ಪ್ರಮಾಣಪತ್ರ ಬೇಕು. ಪ್ರಮಾಣಪತ್ರ ಬರೆಯುವ ದಿನ ನೋಟರಿಯ ಮೇಜಿನ ಸುತ್ತ ಮೌನ ಬಿದ್ದರೆ, ಪಹಣಿ ನೋಡುತ್ತಾ ನೋಡುತ್ತಾ ಯಾರೋ "ಅವ್ಳಿಗ ಮಕ್ಳಿರ್ನಿಲ್ಲ, ಬುಡಿ" ಅಂದರೆ, ಬರೆದುಕೊಳ್ಳಿ. ಸರ್ಕಾರಿ ಮರಕ್ಕೆ ಬೇಕಾದದ್ದು ವಾರಸುದಾರರು. ಮಕ್ಕಳಿಲ್ಲದೆ ಸತ್ತವಳಿಗೆ ಅದರಲ್ಲಿ ಸಾಮಾನ್ಯವಾಗಿ ಕೊಂಬೆ ಇರುವುದಿಲ್ಲ.

ಮೊದಲನೆಯವಳು ಸತ್ತಿರಲಿಲ್ಲ, ತವರಿಗೆ ಹೋಗಿದ್ದಳು ಎಂಬ ಸುಳಿವಿದ್ದರೆ ಉಪನೋಂದಣಿ ಕಚೇರಿಯಲ್ಲಿ ಹುಡುಕಿ. ಜೀವನಾಂಶಕ್ಕೆಂದು ಬರೆದುಕೊಟ್ಟ ಒಂದು ತುಂಡು ಹೊಲ, ಹಕ್ಕು ಬಿಟ್ಟುಕೊಟ್ಟ ಪತ್ರ, ಹೀಗೆ ಏನಾದರೂ ಸಿಗಬಹುದು. 1908ರ ನೋಂದಣಿ ಕಾಯ್ದೆಯಂತೆ ಸ್ಥಿರಾಸ್ತಿ ಪತ್ರಗಳ 1ನೆಯ ಪುಸ್ತಕವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಅವಳು ಹೆಬ್ಬೆಟ್ಟು ಒತ್ತಿದ ಪತ್ರ ಸಿಕ್ಕರೆ, ನಿಮ್ಮ ಮನೆಯವರು ಅವಳ ಹೆಸರನ್ನು ಪೂರ್ತಿಯಾಗಿ, ತಂದೆಯ ಹೆಸರಿನ ಸಮೇತ, ಒಮ್ಮೆಯಾದರೂ ಬರೆದಿದ್ದರೆಂದಾಯಿತು. ಬರೆದದ್ದು ಅವಳಿಂದ ಬಿಡಿಸಿಕೊಳ್ಳಲು.

ಜನಗಣತಿಯ ಆಸೆ ಬೇಡ. ಇಂಗ್ಲೆಂಡು, ವೇಲ್ಸಿನವರು ನೂರು ವರ್ಷ ಕಳೆದ ಮೇಲೆ ಮನೆಮನೆಯ ಹಾಳೆಗಳನ್ನು ಬಿಚ್ಚುತ್ತಾರೆ, 1921ರದು 2022ರ ಜನವರಿಯಲ್ಲಿ ಹೊರಬಂತು. ನಮ್ಮ 1948ರ ಜನಗಣತಿ ಕಾಯ್ದೆ ಅಂಥ ಹಾಳೆಗಳನ್ನು ಯಾರಿಗೂ ತೋರಿಸಲು ಬಿಡುವುದಿಲ್ಲ. ಹಳೆಯ ಮತದಾರರ ಪಟ್ಟಿ ನೋಡಬಹುದು, ಆದರೆ ಒಂದು ಸಂಗತಿ ತಿಳಿದಿರಲಿ. ಮೊದಲ ಮಹಾಚುನಾವಣೆಯ ಪಟ್ಟಿ ಮಾಡುವಾಗ ದೇಶದಲ್ಲಿ ಸುಮಾರು 28 ಲಕ್ಷ ಹೆಂಗಸರು ಸ್ವಂತ ಹೆಸರು ಹೇಳದೆ ಇಂಥವನ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಬರೆಸಿದ್ದರಿಂದ ಪಟ್ಟಿಯಿಂದ ಬಿಟ್ಟುಹೋದರು. ಅವರಲ್ಲಿ ಬಹುಪಾಲು ಉತ್ತರದ ರಾಜ್ಯಗಳವರು. ಬದುಕಿದ್ದವರ ಗತಿಯೇ ಇದಾದರೆ ಸತ್ತವಳದು ಹೇಳಬೇಕೆ?

ಹಂತ 7: ಊರಾಚೆ

ಈ ಕಡೆಯ ಗಂಡಸರು ಹೊಟ್ಟೆಪಾಡಿಗೆ ಹೋದಲ್ಲೆಲ್ಲ ಹುಡುಕಿ: ನೀಲಗಿರಿ, ಕೊಡಗಿನ ತೋಟಗಳು, ಕೆಜಿಎಫ್ ಗಣಿ, ಸಿಲೋನು. ಗಣಿಯಲ್ಲಿದ್ದ ಕ್ಯಾಥೊಲಿಕ್ಕರಾದರೆ ಚಾಂಪಿಯನ್ ರೀಫ್ಸ್‌ನ ವಿಜಯಮಾತೆಯ ಚರ್ಚನ್ನು ಮರೆಯಬೇಡಿ. ಗಣಿ 2001ರಲ್ಲಿ ಮುಚ್ಚಿತು, ಚರ್ಚು ಮುಚ್ಚಿಲ್ಲ. ಸಿಲೋನಿಗೆ ಕೂಲಿಯಾಳು ಕರೆದೊಯ್ಯುವ ಕಂಗಾಣಿಯ ಹಿಂದೆ ಹೋದವರಾದರೆ, 1964ರ ಶಾಸ್ತ್ರಿ ಸಿರಿಮಾವೊ ಒಪ್ಪಂದದಂತೆ ಭಾರತ ವಾಪಸು ಕರೆಸಿಕೊಳ್ಳಲು ಒಪ್ಪಿದ 5.25 ಲಕ್ಷ ಜನರಲ್ಲಿ ನಿಮ್ಮ ತಾತನ ಮೊದಲ ಮನೆಯವರೂ ಇದ್ದಿರಬಹುದು. ವಾಪಸು ಬಂದವರ ಕುಟುಂಬ ಕಾರ್ಡಿನಲ್ಲಿ ಮನೆಯವರ ಹೆಸರುಗಳಿರುತ್ತವೆ.

ಹೆಣ್ಣಿನ ಊರು ಕಾವೇರಿ ದಂಡೆಯದಾದರೆ ಆ ಊರೇ ಇಲ್ಲದಿರಬಹುದು. 1925ರಿಂದ 1934ರವರೆಗೆ ಕಟ್ಟಿದ ಮೆಟ್ಟೂರು ಅಣೆಕಟ್ಟು ಹಲವು ಹಳ್ಳಿಗಳನ್ನು ನುಂಗಿತು. ನೀರು ಇಳಿದ ವರ್ಷ ಪಣ್ಣವಾಡಿಯ ಹತ್ತಿರ ಮುಳುಗಿದ ಚರ್ಚಿನ ಗೋಪುರವೂ ನಂದಿಯೂ ತಲೆ ಎತ್ತುತ್ತವೆ. ತವರೇ ಮುಳುಗಿದ ಹೆಣ್ಣಿನ ಬಗ್ಗೆ ವಿಚಾರಿಸಿಕೊಂಡು ಬರುವವರು ಯಾರೂ ಉಳಿದಿರುವುದಿಲ್ಲ. ಮರೆಯುವುದು ಗಂಡನ ಮನೆಗೆ ಅಷ್ಟು ಸುಲಭವಾಗಿರುತ್ತದೆ.

ಸುರಕ್ಷತಾ ಸೂಚನೆ

ಇದೊಂದು ಮಾತು ತಮಾಷೆಯದಲ್ಲ. ಮಲೆ ಮಾದೇಶ್ವರ ಬೆಟ್ಟದ ಸುತ್ತಿನ ಹಳ್ಳಿಗಳಲ್ಲಿ ಅಪರಿಚಿತರು ನೋಟುಪುಸ್ತಕ ಹಿಡಿದು "ಈ ಮನೆಯಲ್ಲಿ ಯಾರ್ಯಾರಿದ್ದೀರಿ, ಯಾರ ಸಂಬಂಧ, ಅವನೆಲ್ಲಿ ಹೋದ" ಎಂದು ಕೇಳಿದ ಕಾಲ ಒಂದಿತ್ತು. ಕಾಡುಗಳ್ಳ ವೀರಪ್ಪನ್ ಬೇಟೆಯ ದಿನಗಳಲ್ಲಿ ಹಾಗೆ ಬಾಯಿಬಿಟ್ಟ ಹೆಸರುಗಳಿಗೆ ಟಾಡಾ ಕಾಯ್ದೆ ಕಾಯುತ್ತಿತ್ತು. ವರ್ಷಗಟ್ಟಲೆ ಜೈಲಿನಲ್ಲಿದ್ದು ಬಿಡುಗಡೆಯಾದವರು ಈ ಸೀಮೆಯಲ್ಲಿದ್ದಾರೆ. ಆ ಬೇಟೆಗಿಳಿದ ಪೊಲೀಸ್ ಕಾರ್ಯಪಡೆಯ ಮೇಲಿನ ದೂರುಗಳನ್ನು ಕೇಳಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಸದಾಶಿವ ಅವರ ಸಮಿತಿಯನ್ನೇ ನೇಮಿಸಬೇಕಾಯಿತು. ಆದ್ದರಿಂದ ಮೊದಲು ನೀವು ಯಾರ ಮೊಮ್ಮಗ ಎಂದು ಹೇಳಿ, ಕೂತು ನೀರು ಕುಡಿಯಿರಿ. ಪುಸ್ತಕ ಚೀಲದಲ್ಲೇ ಇರಲಿ. ಹೊರಗೆ ಬಂದ ಮೇಲೆ ಬರೆದುಕೊಳ್ಳಿ.

ದೋಷ ನಿವಾರಣೆ

ತೊಂದರೆ: ಅಜ್ಜಿ ಇನ್ನೂ ಬದುಕಿದ್ದಾರೆ. ಪರಿಹಾರ: ಕಾಗದಪತ್ರ ಬದಿಗಿಡಿ. ಆ ಹಂಡೆಯನ್ನು ಇಷ್ಟು ವರ್ಷ ತೊಳೆದವರು ಅವರು. ಎಲ್ಲ ಗೊತ್ತಿದೆ. ಗೊತ್ತಿದೆಯೆಂದು ತಾವಾಗಿ ಹೇಳಿದರೆ ಕೇಳಿಸಿಕೊಳ್ಳಿ, ಇಲ್ಲವಾದರೆ ಬಿಡಿ.

ತೊಂದರೆ: ಒಂದು ಹುಡುಕಿದರೆ ಎರಡು ಸಿಕ್ಕವು. ಪರಿಹಾರ: ಎರಡನೆಯ ಹಂತದಿಂದ ಮತ್ತೆ ಆರಂಭಿಸಿ. ಎಲೆಅಡಿಕೆ ಹೆಚ್ಚಿಗೆ ಒಯ್ಯಿರಿ.

ತೊಂದರೆ: ಮೊದಲನೆಯವಳ ಮಕ್ಕಳು, ಮೊಮ್ಮಕ್ಕಳು ಸಿಕ್ಕಿದ್ದಾರೆ. ಪರಿಹಾರ: ಹಣ್ಣು ಹಿಡಿದು ಹೋಗಿ, ವಕೀಲರನ್ನು ಹಿಡಿದು ಹೋಗಬೇಡಿ. ಅವರಿಗೆ ನಿಮ್ಮ ಬಗ್ಗೆ ಮೊದಲಿನಿಂದಲೂ ಗೊತ್ತಿರುತ್ತದೆ. ಗುಟ್ಟು ಇದ್ದದ್ದು ನಿಮ್ಮ ಮನೆಯಲ್ಲಿ, ಅವರ ಮನೆಯಲ್ಲಲ್ಲ.

ತೊಂದರೆ: ಏನೂ ಸಿಗಲಿಲ್ಲ. ಪರಿಹಾರ: ದಫ್ತರಕ್ಕೆ ಗೆದ್ದಲು ಹಿಡಿದಿರಬಹುದು, ಬರೆದವರು ಮರೆತಿರಬಹುದು. ಸಿಗಲಿಲ್ಲವೆಂದರೆ ಆಗಲಿಲ್ಲವೆಂದಲ್ಲ.

ತೊಂದರೆ: ದೊಡ್ಡಪ್ಪ ಬೈಯುತ್ತಾರೆ. ಪರಿಹಾರ: ಬೈಯಲಿ. ತಾತನ ಮಾನ ಹೋಗುತ್ತದೆ ಅನ್ನುತ್ತಾರೆ. ಹೆಂಡತಿ ಸತ್ತವನು ಮತ್ತೆ ಮದುವೆಯಾದದ್ದರಲ್ಲಿ ಮಾನ ಹೋಗುವಂಥದ್ದೇನೂ ಇಲ್ಲ. ಅವಳು ಇರಲೇ ಇಲ್ಲವೆಂದು ಮೂರು ತಲೆಮಾರು ಹೇಳಿದ್ದರಲ್ಲಿ ಸ್ವಲ್ಪ ಹೋಗಿದೆ.

ವಾರಂಟಿ ಮತ್ತು ಕಡೆಯ ಸೂಚನೆ

ಈ ಕೈಪಿಡಿಯಿಂದ ತಾತನ ಬಗ್ಗೆ ನಿಮಗಿರುವ ಗೌರವ ಹೆಚ್ಚುತ್ತದೆಂದು ನಾವು ಭರವಸೆ ಕೊಡುವುದಿಲ್ಲ. ಕಡಿಮೆಯಾಗುತ್ತದೆಂದೂ ಹೇಳುವುದಿಲ್ಲ. ಎಲ್ಲ ಹಂತ ಮುಗಿಸಿದ ಮೇಲೂ ತಾತನ ಬಗ್ಗೆ ಹೊಸದಾಗಿ ತಿಳಿಯುವುದು ಅತಿ ಕಡಿಮೆ. ಅವರ ಹೆಸರು ಪಹಣಿಯಲ್ಲಿದೆ, ಮತಪಟ್ಟಿಯಲ್ಲಿದೆ, ನಿಮ್ಮ ಹೆಸರಿನ ಮುಂದಿನ ಅಕ್ಷರದಲ್ಲಿದೆ. ಎಲ್ಲೂ ಇಲ್ಲದಿರುವುದು ಅವಳ ಹೆಸರು. ಹಾಗಾಗಿ ಈ ಉಪಕರಣ ಕೆಲಸ ಮಾಡಿತೋ ಇಲ್ಲವೋ ಎಂಬುದಕ್ಕೆ ಅಳತೆ ಒಂದೇ. ನಿಮ್ಮ ಮನೆಯ ಮುಂದಿನ ಮದುವೆಗೋ ತಿಥಿಗೋ ಯಾರಾದರೂ ವಂಶವೃಕ್ಷ ಬರೆಯಲು ಕೂತಾಗ ತಾತನ ಹೆಸರಿನ ಪಕ್ಕ ಎರಡು ಗೆರೆ ಎಳೆಸಿ. ಒಂದರ ತುದಿಗೆ ಅಜ್ಜಿ, ಇನ್ನೊಂದರ ತುದಿಗೆ ಅವಳು. ಹೆಸರು ಸಿಕ್ಕಿದ್ದರೆ ಹೆಸರು ಬರೆಯಿರಿ. ಸಿಗದಿದ್ದರೆ ಊರು ಬರೆಯಿರಿ. ಊರೂ ಸಿಗದಿದ್ದರೆ 'ಮೊದಲ ಹೆಂಡತಿ' ಎಂದು ಬರೆಯಿರಿ. ಜಾಗ ಖಾಲಿ ಬಿಡಬೇಡಿ.